ಅರವತ್ತೊಂದು ದಿನದ ಅನ್ನ

ಬೋಟಿನಲ್ಲಿ ನಾನು ಭಂಡಾರಿ.
ಅಂದರೆ ಅಡುಗೆಯವ. ಹದಿನಾರು ಗಂಡಸರ ಹೊಟ್ಟೆ
ನನ್ನ ಒಂದು ಸೌಟಿನ ಕೆಳಗೆ.
ಅಲ್ಲಿ ಅನ್ನಕ್ಕೆ ರುಚಿ ಎಲ್ಲಿಂದ ಅಂತ ಯಾರು ಕೇಳಿದ್ದರು?
ಬಲೆ ಎಳೆದರೆ ಸಾರು
ತಾನೇ ಒದ್ದಾಡುತ್ತ ಮೇಲೆ ಬರುತ್ತಿತ್ತು.

ಈಗ ಜೂನ್. ಬೈತಖೋಲದಲ್ಲಿ ಬೋಟುಗಳು
ಹೆಗಲಿಗೆ ಹೆಗಲು ಕಟ್ಟಿಸಿಕೊಂಡು ತೂಗುತ್ತಿವೆ.
ಸರ್ಕಾರದ ಲೆಕ್ಕದಲ್ಲಿ ಅರವತ್ತೊಂದು ದಿನ
ಮೀನಿಗೆ ರಜೆ.
ನನಗೂ.
ಶೆವಂತಿಗಿಲ್ಲ. ಆಸ್ಪತ್ರೆಯ ವಾರ್ಡು ಒರೆಸಲು
ಏಳೂವರೆಗೇ ಹೊರಡುತ್ತಾಳೆ,
ಚಪ್ಪಲಿ ಮೆಟ್ಟುತ್ತ ಹೇಳುತ್ತಾಳೆ: "ಅಕ್ಕಿ ಡಬ್ಬಿಯಲ್ಲಿದೆ."
ಅಕ್ಕಿಯಷ್ಟೇ ಇದೆ ಅಂತ ಅದರ ಅರ್ಥ.

ಮೊದಲ ದಿನ ಕೈ ಮೋಸ ಮಾಡಿತು.
ಹದಿನಾರು ಜನರ ಕೈ, ಮೂವರ ಲೆಕ್ಕ ಅದಕ್ಕೆ ತಿಳಿಯದು.
ಗಂಜಿ ಉಕ್ಕಿ, ಒಲೆ ನಂದಿಸಿ,
ಮುಚ್ಚಳ ಎತ್ತಿಕೊಂಡು ಹೊರಗೆ ಬಂತು.
ಅಷ್ಟೊಂದು ಅನ್ನ, ಬರೀ ಅನ್ನ,
ಸುಣ್ಣ ಹೊಡೆದರೂ ಯಾರೂ ಬಾಡಿಗೆಗೆ ಬಾರದ
ಮನೆಯ ಹಾಗೆ.
ಸಾಣಿಕಟ್ಟೆಯ ಉಪ್ಪು ಉದುರಿಸಿದೆ,
ಮೇಲೊಂದು ಚಮಚ ತೆಂಗಿನೆಣ್ಣೆ.
ಮಾನಸ್ವಿ ಅದರಲ್ಲಿ ಬೆರಳಿನಿಂದ ರಸ್ತೆ ಕೊರೆದಳು,
ಒಂದು ಸೇತುವೆಯನ್ನೂ ಕಟ್ಟಿದಳು,
ಉಣ್ಣಲಿಲ್ಲ.

ಮುರುಗಲ ಸಿಪ್ಪೆ ನೆನೆಹಾಕಿದೆ. ನೀರು ಕೆಂಪಾಯಿತು.
ಚೂರು ಬೆಲ್ಲ, ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ
ಸುಂಯ್ ಎಂದಾಗ ಪಕ್ಕದ ಮನೆಯ ಟೀವಿ ಸುಮ್ಮನಾಯಿತು,
ಅಥವಾ ನನಗೆ ಹಾಗನಿಸಿತು.
ಎರಡು ದಿನ ನಡೆಯಿತು ಅದು.
ಆಮೇಲೆ ಕುಮಟೆಯ ಸಿಹಿ ಈರುಳ್ಳಿ, ಕೆಂಡದಲ್ಲಿ ಸುಟ್ಟ ಮೆಣಸು,
ಕೈಯಲ್ಲೇ ಕಿವುಚಿ ಬಿಸಿ ಅನ್ನಕ್ಕೆ ಒತ್ತಿ ಕಲಸಿದೆ.
"ಬಾಯಿ ನಾರುತ್ತದೆ ಮಾರಾಯಾ, ನರ್ಸಮ್ಮನ ಹತ್ತಿರ ಮಾತಾಡುವುದು ಹೇಗೆ?"
ಅಂದಳು ಶೆವಂತಿ,
ಎರಡನೇ ಸಲಕ್ಕೆ ತಟ್ಟೆ ಮುಂದೆ ಮಾಡಿ.
ಮಗಳು ಮೂಗೆತ್ತಿ ಗಾಳಿ ನೋಡಿದಳು.
"ನಮ್ಮನೆ ವಾಸನೆ ಅಲ್ಲ ಇದು."

ಭಾನುವಾರದ ಸಂತೆಯಲ್ಲಿ ಹಣಮಿ ಗೌಡ,
ಕೊರಳ ತುಂಬ ಮಣಿ, ಮುಂದೆ ಸೊಪ್ಪಿನ ಕಟ್ಟು.
ನಾನು ಬೆಲೆ ಕೇಳಿದ ರೀತಿಗೇ ಗುರುತು ಹಿಡಿದಳು:
"ಬೋಟಿನವನಾ?"
ಎಲೆಯ ಪೊಟ್ಟಣವೊಂದನ್ನು ನನ್ನ ಕಡೆ ದೂಡಿದಳು.
ಜುಮ್ಮನಕಾಯಿ. ನಾವು ತೆಫಳ ಅನ್ನುವುದು.
"ಇದು ಮೀನಿಗೆ ಹಾಕುವುದಲ್ಲವಾ?" ಅಂದೆ.
"ಮೀನಿಗೆ ಗೊತ್ತಾ?" ಅಂದಳು.

ದಾರಿಯುದ್ದ ಅದೇ ಮಾತು.
ಬಂಗುಡೆ ಸಾರಿನಿಂದ ಬಂಗುಡೆ ಕಳೆ.
ಉಳಿದದ್ದು ತೆಂಗು, ಒಣಮೆಣಸು, ಹುಳಿ,
ಮುಳ್ಳುಮರದ ಈ ಕಾಯಿ.
ಎಲ್ಲ ನೆಲದ್ದೇ.
ಹದಿನಾಲ್ಕು ವರ್ಷ ಸಾರು ಕಾಸಿದ್ದೇನೆ,
ಈ ಕಳೆಯುವ ಲೆಕ್ಕ ಮಾಡಿರಲಿಲ್ಲ.

ಕಾಯಿ ತುರಿದು ನುಣ್ಣಗೆ ಅರೆದೆ.
ಕುದಿ ಬಂದು, ಬದಿಯಲ್ಲಿ ಎಣ್ಣೆ ಒಡೆದಾಗ
ತೆಫಳದ ಕರಿಬೀಜ ಬಿಸಾಡಿ, ಸಿಪ್ಪೆ ಜಜ್ಜಿ,
ಆ ನೀರು ಸಮೇತ ಸುರಿದು, ಒಲೆ ಆರಿಸಿ
ತಟ್ಟೆ ಮುಚ್ಚಿದೆ.
ಅದಕ್ಕೆ ಕುದಿ ಆಗದು, ಮುಚ್ಚಿದ ಕತ್ತಲೆ ಸಾಕು.

ಮೊದಲು ಬಂದದ್ದು ಬೆಕ್ಕು.
ತಿಂಗಳಿಂದ ಈ ಕಡೆ ಸುಳಿಯದ ಕಳ್ಳಮುಂಡೇದು
ಗೋಡೆ ಹಾರಿ, ನೆಟ್ಟಗೆ ಮಗಳ ತಟ್ಟೆಯ ಬದಿಗೆ.
ಅನ್ನ ಮೂಸಿತು. ಸಾರು ಮೂಸಿತು.
ಒಂದು ಕಾಲು ಎತ್ತಿ ಹಿಡಿದೇ ನನ್ನ ಮುಖ ನೋಡಿತು,
ಬಲೆ ಖಾಲಿ ಬಂದಾಗ ತಾಂಡೇಲ ನೋಡುತ್ತಾನಲ್ಲ,
ಥೇಟು ಹಾಗೆ.
ಶೆವಂತಿ ನಗಲು ಶುರುಮಾಡಿ
ನೆತ್ತಿಗೇರಿಸಿಕೊಂಡಳು.

ಮಗಳು ಮಾತಾಡಲಿಲ್ಲ. ನಾಲಿಗೆ ಜುಮ್ಮೆಂದಿರಬೇಕು,
ತುಟಿ ಸವರಿಕೊಂಡು ಮತ್ತೊಂದು ತುತ್ತು ಕಲಸಿದಳು.
ಬೆಕ್ಕು ಹೋಗಲಿಲ್ಲ, ತಿನ್ನಲೂ ಇಲ್ಲ.
ಸುಮ್ಮನೆ ಕೂತಿತ್ತು, ಆ ಪರಿಮಳದ ಪಕ್ಕದಲ್ಲಿ.

ಪಾತ್ರೆಯ ತಳದ ಸೀಕನ್ನು ಬೆರಳಿಂದ ಎಬ್ಬಿಸುತ್ತ
ಶೆವಂತಿ ಕೇಳಿದಳು:
"ನಾಳೆಗೆ ಎಂಥ ಮಾಡ್ತೀಯ?"

"ಅನ್ನ," ಅಂದೆ.